3060 ಟಿಐ ಗ್ರಾಫಿಕ್ಸ್ ಕಾರ್ಡ್ ಓವರ್‌ಕ್ಲಾಕ್ ಮಾಡಿದ್ ಮ್ಯಾಲ ಗೇಮ್ ಉಲ್ಟಾ ಸ್ಲೋ ಆಗೈತಿ, 87 ಡಿಗ್ರಿ ಹೊಂಟೈತಿ, ಏನ್ ಮಾಡ್ಲಿ?

ಮಗ್ಗದಮನಿ_ಹುಡುಗ · ಬನಹಟ್ಟಿ

ಎಲ್ಲಾರಿಗೂ ನಮಸ್ಕಾರ್ರಿ. ನಾ ಬನಹಟ್ಟಿಯಂವ, ಬಾಗಲಕೋಟಿ ಜಿಲ್ಲಾ. ಹೋದ ದೀಪಾವಳಿಗೆ ರೊಕ್ಕ ಕೂಡ್ಸಿ ಒಂದ್ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಟಿಐ ತಗೊಂಡೇನಿ, ಎರಡ್ ಫ್ಯಾನಿಂದು. ರೈಜನ್ 5 5600 ಪ್ರೊಸೆಸರ್, 16 ಜಿಬಿ ರ‍್ಯಾಮ್, 650 ವ್ಯಾಟ್ ಎಸ್‌ಎಂಪಿಎಸ್ (ಕರೆಂಟ್ ಕೊಡೂ ಡಬ್ಬಿ), ಕ್ಯಾಬಿನೆಟ್ ಮುಂದ ಪೂರಾ ಗಾಜು, ಒಳಗ ಬಣ್ಣಬಣ್ಣದ ಲೈಟಿನ ಮೂರ್ ಫ್ಯಾನ್.

ಚಳಿಗಾಲದಾಗ ಭಾಳ ಛಲೋ ಇತ್ತು, 70-72 ದಾಟ್ತಿದ್ದಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋತು ನೋಡ್ರಿ, ಆವಾಗಿಂದ ಇದು ಕಾಯಾಕ ಹತ್ತೇತಿ. ಅದ್ರಾಗ ನಂದೂ ಒಂದ್ ಶಾಣ್ಯಾತನ ಐತಿ ಅನ್ರಿ, ಯಾವ್ದೋ ವಿಡಿಯೋ ನೋಡಿ ಆಫ್ಟರ್‌ಬರ್ನರ್ ಅನ್ನೂ ಸಾಫ್ಟ್‌ವೇರ್ ಹಾಕ್ಕೊಂಡು ಓವರ್‌ಕ್ಲಾಕ್ ಮಾಡಿದೆ, ಅಂದ್ರ ಕಾರ್ಡ್ ಕಂಪನಿ ಇಟ್ಟದ್ದಕ್ಕಿಂತಾ ಜೋರ್ ಓಡ್ಸಾಕ ಕೋರ್ ಕ್ಲಾಕ್ ಪ್ಲಸ್ 150, ಮೆಮೊರಿ ಪ್ಲಸ್ 1000 ಕೊಟ್ಟೆ, ಪವರ್ ಲಿಮಿಟ್ ಟೆಂಪ್ ಲಿಮಿಟ್ ಎರಡೂ ಬಲಕ್ಕ ತುದಿ ತನಕಾ ಎಳದೆ. ವಿಡಿಯೋದಾಂವಗ ಎಫ್‌ಪಿಎಸ್ (ಸೆಕೆಂಡಿಗೆ ಬರೂ ಚಿತ್ರ) ಜಿಗದಿತ್ತು, ನನಗ ಮೊದಲ ಐದ್ ನಿಮಿಷ ಜಿಗೀತು, ಆಮ್ಯಾಲ ಮೊದಲಿದ್ದದ್ಕಿಂತಾ ಕೆಳಗ ಬಂತು. ಕ್ಲಾಕ್ ಶುರುದಾಗ 1,980 ಮೆಗಾಹರ್ಟ್ಜ್ ತೋರಸ್ತೈತಿ, ಹತ್ತ್ ಹದಿನೈದ್ ನಿಮಿಷಕ್ಕ 1,740ರ ಆಜುಬಾಜು ಬಂದ್ ನಿಲ್ತೈತಿ. ಕೋರ್ (ಕಾರ್ಡಿನ ಚಿಪ್ಪು) 87 ಡಿಗ್ರಿ, ಹಾಟ್‌ಸ್ಪಾಟ್ (ಚಿಪ್ಪಿನಾಗ ಎಲ್ಲಾದಕ್ಕಿಂತಾ ಬಿಸಿ ಜಾಗ) 109. ನಿನ್ನೆ ಸೈಬರ್‌ಪಂಕ್ ಆಡೂವಾಗ ಸ್ಕ್ರೀನ್ ಕರ‍್ರಗಾಗಿ ಫ್ಯಾನ್ ವಿಮಾನದಂಗ ಕೂಗಿ ಬಂದ್ ಆತು. ವ್ಯಾಲೊರಂಟ್‌ನ್ಯಾಗೂ 80 ಡಿಗ್ರಿ ಹೋಗ್ತೈತಿ, ಅದೇನ್ ದೊಡ್ಡ ಗೇಮ್ ಅಲ್ಲ.

ನನ್ ಖೋಲಿ ಮಾಳಗಿ ಮ್ಯಾಲ ಐತಿ, ಮ್ಯಾಲ ತಗಡು. ಕೆಳಗ ನಮ್ಮವೇ ನಾಕ್ ಪಾವರ್‌ಲೂಮ್ ನಡೀತಾವ. ಏಸಿ ಇಲ್ಲ, ಅಪ್ಪನ ಮುಂದ ಏಸಿ ಅಂದ್ರ ಕಂಪ್ಯೂಟರ್ರೇ ಮಾರ್ತಾನ. ಈಗ ಕಾರ್ಡ್ ಕೆಟ್ಟೈತೇನು, ಇಲ್ಲಾ ಓವರ್‌ಕ್ಲಾಕ್ ಮಾಡೂದ್ ನನಗ ಬರವಲ್ತು? ಲಿಕ್ವಿಡ್ ಕೂಲರ್ ಹಾಕ್ಬೇಕೇನು?

ಎಫ್‌ಪಿಎಸ್_ಫಕೀರ · ಬಾಗಲಕೋಟೆ, ನವನಗರ

ತಗಡಿನ ಖೋಲಿಯಾಗ ಏಪ್ರಿಲ್‌ನ್ಯಾಗ ಓವರ್‌ಕ್ಲಾಕ್! ದೋಸ್ತ್ ನೀ ಆ ಕಾರ್ಡ್ ಮ್ಯಾಲ ರೊಟ್ಟಿ ಬಡೀಬಹುದು.

ಸೀದಾ ಮಾತು, ಸೈಡಿನ ಗಾಜು ತಗದ್ ಒಗದು ಟೇಬಲ್ ಫ್ಯಾನ್ ಹಚ್ಚು. ನಾ ಮೂರ್ ವರ್ಷದಿಂದ ಹಂಗೇ ಆಡ್ತೀನಿ, ಏನೂ ಆಗಿಲ್ಲ.

ಗುಮ್ಮಟ_ಗಾಳಿ · ವಿಜಯಪುರ

ತಮ್ಮಾ, ಕಾರ್ಡ್ ಕೆಟ್ಟಿಲ್ಲ, ನಿನಗ ಬರಂಗಿಲ್ಲ ಅಂತಾನೂ ಅಲ್ಲ. ಆ ವಿಡಿಯೋ ಮಾಡಿದಾಂವ ಎಲ್ಲಿ ಕುಂತಿದ್ದಾ ಅಂತ ನೀ ನೋಡಿಲ್ಲ ಅಷ್ಟ. ಅವರೆಲ್ಲಾ ಏಸಿ ಹಚ್ಕೊಂಡು 22-25 ಡಿಗ್ರಿ ಖೋಲಿಯಾಗ ಅಳೀತಾರ. ಕಾರ್ಡಿನ ಕಾವು ಅನ್ನೂದು ಖೋಲಿ ಕಾವಿನ ಮ್ಯಾಲ ಕೂಡ್ತದ, ಇದ ಮೊದಲ ತಿಳ್ಕೋ. ಒಂದು ಕಾರ್ಡ್ 25 ಡಿಗ್ರಿ ಖೋಲಿಯಾಗ 70 ತೋರಿಸಿದ್ರ ಫರಕ್ 45, ಅದ ಕಾರ್ಡು ಅದ ಗೇಮು ಅದ ಫ್ಯಾನು ತಂದು 40 ಡಿಗ್ರಿ ಖೋಲಿಯಾಗ ಇಟ್ರ 85ರ ಹತ್ರ ಬರ್ತದ. ಇದರಾಗ ಕಾರ್ಡಿಂದ್ ಏನ್ ತಪ್ಪದ? ನಮ್ಮ ವಿಜಯಪುರದಾಗ ಏಪ್ರಿಲ್ ಮೇದಾಗ ಹೊರಗ 40 ದಾಟ್ತದ, ತಗಡಿನ ಕೆಳಗ ಇನ್ನ ಬ್ಯಾರೆ ಹೇಳೂದ ಬ್ಯಾಡ.

ಎರಡನೇದು, ಕ್ಲಾಕ್ ಯಾಕ ಇಳೀತು ಅಂತ. ಎನ್‌ವಿಡಿಯಾ ಕಾರ್ಡ್ ಕಾದಂಗ ಕಾದಂಗ ತಾನ 15-15 ಮೆಗಾಹರ್ಟ್ಜ್ ಕಡಿಮಿ ಮಾಡ್ಕೋತ ಹೋಗ್ತದ, 83ಕ್ಕ ಬಂದ್ರ ಜೋರ್ ಬ್ರೇಕ್ ಒತ್ತತದ. ನೀ ಆ 83ರ ಗೆರಿನೂ ಮ್ಯಾಲ ಎಳದೀದಿ, ಅದಕ್ಕ 87 ತನಕಾ ಹೋಗ್ಯದ. ಒಂದ್ ಕಾಲಿಲೆ ಆಕ್ಸಿಲರೇಟರ್ ಒತ್ತೀದಿ, ಕಾರ್ಡು ಇನ್ನೊಂದ್ ಕಾಲಿಲೆ ಬ್ರೇಕ್ ಒತ್ತೇದ, ನಡುವ ಎಣ್ಣಿ ಸುಡ್ಲಿಕತ್ತದ.

ಮೊದಲ ಎಲ್ಲಾ ರಿಸೆಟ್ ಹೊಡಿ. ಆಮ್ಯಾಲ ಮೂರ್ ಅಂಕಿ ಬರ್ಕೊಂಡ್ ಬಾ: ಮಧ್ಯಾಹ್ನ 3 ಗಂಟೆಕ್ಕ ನಿನ್ನ ಖೋಲಿ ಎಷ್ಟದ (ಗ್ವಾಡಿಗೆ ತೂಗಹಾಕೂ ಅಗ್ಗದ ಥರ್ಮಾಮೀಟರ್ ಸಾಕು), ಕೋರ್ ಎಷ್ಟು, ಹಾಟ್‌ಸ್ಪಾಟ್ ಎಷ್ಟು. ಎಚ್‌ಡಬ್ಲ್ಯೂಇನ್ಫೋ ಅನ್ನೂ ಸಾಫ್ಟ್‌ವೇರ್‌ನ್ಯಾಗ ಕೋರ್, ಹಾಟ್‌ಸ್ಪಾಟ್ ಎರಡೂ ಕಾಣ್ತಾವ. ಇನ್ನೊಂದ್ ಪರೀಕ್ಷಾ, ಅದ ಗೇಮ್ ಹಚ್ಚಿ ಸೈಡಿನ ಗಾಜು ತಗದು ಹತ್ತ್ ನಿಮಿಷ ಬಿಡು, ಎಷ್ಟ್ ಇಳೀತದ ಹೇಳು. ಫಕೀರ ಹೇಳಿದಂಗ ಕಾಯಂ ಹಂಗ ಇಡಬ್ಯಾಡ, ಇದು ಬರೇ ಪರೀಕ್ಷಾಕ್ಕ.

ಮಗ್ಗದಮನಿ_ಹುಡುಗ · ಬನಹಟ್ಟಿ

ರಿಸೆಟ್ ಮಾಡಿ ನೋಡಿದೆ ಅಣ್ಣಾ. ಖೋಲಿ 39. ಕೋರ್ 84, ಹಾಟ್‌ಸ್ಪಾಟ್ 106. ಗಾಜು ತಗದ್ರ ಕೋರ್ 80ಕ್ಕ ಬಂತು, ಅಂದ್ರ ನಾಕ್ ಡಿಗ್ರಿ ಅಷ್ಟ.

ಫ್ಯಾನ್ ಮಾತ್ರ ನೂರಕ್ಕ ನೂರು ತಿರಗತಾವ, ಕೈ ಹಿಡದ್ರ ಗಾಳಿ ಬರೂದ್ ಕಡಿಮಿ ಅನಸ್ತೈತಿ.

ಕುಂದಾನಗರಿ_ರಿಪೇರಿ · ಬೆಳಗಾವಿ

ಕಡೀ ಸಾಲ್ ನೋಡಿದ ಕೂಡ್ಲೇ ಉತ್ತರ ಬರ್ಯಾಕತ್ತೇನಿ. ಫ್ಯಾನ್ ಪೂರಾ ತಿರಗತೈತಿ, ಗಾಳಿ ಬರವಲ್ತು, ಗಾಜು ತಗದ್ರೂ ಬರೇ ನಾಕ್ ಡಿಗ್ರಿ, ಮನಿಯಾಗ ಪಾವರ್‌ಲೂಮ್. ಸಾಹೇಬ್ರ ನಿಮ್ಮ ಹೀಟ್‌ಸಿಂಕ್‌ನ್ಯಾಗ (ಕಾವು ಹೊರಗ ಹಾಕೂ ತೆಳ್ಳನ ಲೋಹದ ಪಟ್ಟಿ, ಅಂದ್ರ ಫಿನ್, ಇರೂ ಭಾಗ) ಹತ್ತಿ ತುಂಬೈತಿ. ನಾ ಇಪ್ಪತ್ತ್ ವರ್ಷದಿಂದ ಬೆಳಗಾವ್ಯಾಗ ಇದ ಕೆಲಸಾ ಮಾಡಾಕತ್ತೇನಿ, ಮಗ್ಗದ ಮನಿಯಿಂದ, ಜಿನ್ನಿಂಗ್ ಮಿಲ್ಲಿನಿಂದ ಬರೂ ಸಿಸ್ಟಮ್ ತೆರ‍್ಯೂಕಿಂತಾ ಮೊದಲ ಮಾರಿಗೆ ವಸ್ತ್ರ ಕಟ್ಕೋತೇನಿ.

ಮಣ್ಣಿನ ಧೂಳ ಬ್ಯಾರೆ, ನೂಲಿನ ಧೂಳ ಬ್ಯಾರೆ. ಮಣ್ಣು ಫಿನ್ನಿನ ಮ್ಯಾಲ ಕೂಡ್ತೈತಿ, ಊದಿದ್ರ ಹೋಗ್ತೈತಿ. ನೂಲಿನ ಎಳಿ ಒಂದಕ್ಕೊಂದ್ ಹೆಣಕೊಂಡು ಫ್ಯಾನಿಗೂ ಫಿನ್ನಿಗೂ ನಡುವ ಚಾಪಿ ಹಾಸಿದಂಗ ಹಾಸ್ಕೊಂಡ್ ಬಿಡ್ತೈತಿ. ಹೊರಗಿಂದ ನೋಡಿದ್ರ ಏನೂ ಕಾಣಂಗಿಲ್ಲ, ಫ್ಯಾನ್ ಸ್ವಚ್ಛ ಇರ್ತಾವ, ಮಂದಿ ಸುಮ್ನ ಫ್ಯಾನಿನ ರೆಕ್ಕಿ ಒರಿಸಿ ಕಾರ್ಡ್ ವಾಪಸ್ ಹಾಕ್ತಾರ.

ಹಂಗಾಗಿ ಫ್ಯಾನಿನ ಮ್ಯಾಲಿನ ಪ್ಲಾಸ್ಟಿಕ್ ಕವಚ ತಗೀಬೇಕು. ಮೊದಲ ಕರೆಂಟಿನ ವಯರ್ ಕಿತ್ತು, ಪವರ್ ಬಟನ್ ಒಮ್ಮಿ ಒತ್ತಿ ಉಳದ ಕರೆಂಟ್ ಹೋಗ್ಲಿ ಅಂತ ಬಿಟ್ಟು ಆಮ್ಯಾಲ ಕಾರ್ಡ್ ಕೀಳ್ರಿ, ಸ್ಲಾಟಿನ ಬಾಲಕ್ಕಿರೂ ಚಿಲಕಾ ಒತ್ತೂದ್ ಮರೀಬ್ಯಾಡ್ರಿ, ಅದನ್ನ ಮುರಕೊಂಡ್ ಬಂದಾವ್ರು ಭಾಳ ಮಂದಿ. ಊದೂ ಮುಂದ ಫ್ಯಾನಿನ ರೆಕ್ಕಿ ಬಟ್ಟಿಲೆ ಹಿಡೀರಿ, ಇಲ್ಲಂದ್ರ ಗಾಳಿ ಒತ್ತಡಕ್ಕ ಗಿರ್ರ್ ತಿರಗಿ ಬೇರಿಂಗ್ ಹೋಗ್ತೈತಿ. ಪಂಕ್ಚರ್ ಅಂಗಡಿ ಕಂಪ್ರೆಸರ್‌ಗೆ ಒಯ್ಯಬ್ಯಾಡ್ರಿ, ಅದ್ರ ಪೈಪಿನಾಗ ನೀರು ಎಣ್ಣಿ ಎರಡೂ ಬರ್ತಾವ. ಕೈಯಾಗ ಹಿಡ್ಯೂ ಎಲೆಕ್ಟ್ರಿಕ್ ಬ್ಲೋವರ್ ಒಂದ್ ತಗೊಂಡ್ ಬಿಡ್ರಿ, ನಿಮ್ಮ ಮನಿಗಿ ಅದು ಬೇಕ.

ಇನ್ನ ಕೋರಿಗೂ ಹಾಟ್‌ಸ್ಪಾಟಿಗೂ 22 ಫರಕ್ ಐತಲ್ಲ, ಅದು ಬ್ಯಾರೆ ರೋಗ. 10-15 ಇದ್ರ ನಾ ಏನೂ ಅನ್ನಂಗಿಲ್ಲ. 20 ದಾಟಿದ್ರ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವ ಹಚ್ಚಿದ ಪೇಸ್ಟ್ ಒಣಗೈತಿ ಅಥವಾ ಕಾದು ಆರಿ ಕಾದು ಆರಿ ಚಿಪ್ಪಿನ ನಡುವಿಂದ ಅಂಚಿಗೆ ಸರದೈತಿ ಅಂತ ತಿಳ್ಕೋರಿ. ಮೊದಲ ಧೂಳ ತಗದು ನೋಡ್ರಿ, ಫರಕ್ ಹಂಗೇ ಉಳದ್ರ ಪೇಸ್ಟ್ ಮಾಡೂಣಂತ. ಸೆಕೆಂಡ್ ಹ್ಯಾಂಡ್ ಅಂದ್ರಿ, ವಾರಂಟಿ ಐತೇನು? ಸ್ಕ್ರೂ ಮ್ಯಾಲ ಸ್ಟಿಕರ್ ಇದ್ರ ಹರ‍್ಯೂಕಿಂತ ಮೊದಲ ವಿಚಾರ ಮಾಡ್ರಿ.

ಎಫ್‌ಪಿಎಸ್_ಫಕೀರ · ಬಾಗಲಕೋಟೆ, ನವನಗರ

ಈ 3060 ಟಿಐ ಮೈನಿಂಗ್ (ಕಾರ್ಡ್ ಹಗಲು ರಾತ್ರಿ ಓಡ್ಸಿ ಡಿಜಿಟಲ್ ರೊಕ್ಕ ಗಳಸೂದು) ಮಾಲ್ ಇರ್ಬೇಕು ನೋಡ್ರಿ. 2022ರ ಸೆಪ್ಟೆಂಬರ್‌ನ್ಯಾಗ ಇಥಿರಿಯಂ ಮೈನಿಂಗ್ ನಿಂತ ಮ್ಯಾಲ ಇವೇ ಕಾರ್ಡ್ ಸಂತ್ಯಾಗ ಉಳ್ಳಾಗಡ್ಡಿ ಸುರದಂಗ ಸುರದ್ರು.

ಮತ್ತ ಒಂದ್ ಐಡಿಯಾ, ನಮ್ಮ ಮನಿಯಾಗ ನೀರ್ ಹಾಕೂ ಕೂಲರ್ ಐತಿ, ಅದನ್ನ ಸಿಸ್ಟಮ್ ಮುಂದ ಇಟ್ರ ಹ್ಯಾಂಗ?

ಕುಂದಾನಗರಿ_ರಿಪೇರಿ · ಬೆಳಗಾವಿ

ಅಯ್ಯೋ ಬ್ಯಾಡ. ಹಸಿ ಗಾಳಿ ಒಳಗ ಹೋಗಿ ಬೋರ್ಡಿನ ಮ್ಯಾಲ ನೀರ್ ಕೂಡ್ತೈತಿ. ನಮ್ಮಲ್ಲಿ ಮಳಿಗಾಲದಾಗ ಹಸರು ಜಂಗ್ ಹಿಡದ ಮದರ್‌ಬೋರ್ಡ್ ತಿಂಗಳಿಗೆರಡ್ ಬರ್ತಾವ.

ಗುಮ್ಮಟ_ಗಾಳಿ · ವಿಜಯಪುರ

ರಿಪೇರಿ ಅಣ್ಣಾರ, ನಿಮ್ಮ ಅನುಭವಕ್ಕ ಕೈ ಮುಗೀತೀನಿ, ಖರೆ ಬೆಳಗಾವಿ ಮಳಿಗಾಲ ಬ್ಯಾರೆ, ನಮ್ಮ ಕಡಿ ಬ್ಯಾಸಗಿ ಬ್ಯಾರೆ. ನಿಮ್ಮಲ್ಲಿ ಗಾಳಿಯಾಗ ಮೊದಲ ನೀರ್ ತುಂಬಿರ್ತದ, ಅದಕ್ಕ ಕೂಲರ್ ಉಪಯೋಗನೂ ಆಗಂಗಿಲ್ಲ. ನಮ್ಮಲ್ಲಿ ಗಾಳಿ ಒಣಾ ಒಣಾ, ತೊಯ್ದ ಧೋತರ ಅರ್ಧಾ ತಾಸಿಗೆ ಹಪ್ಪಳ ಆಗ್ತದ, ಅಲ್ಲಿ ಕೂಲರ್ ಖೋಲಿ ಕಾವು ಖರೇನ ಇಳಸ್ತದ.

ನೀರ್ ಕೂಡೂದಂತೀರಿ, ಫ್ರಿಜ್ಜಿನ್ಯಾಗಿಂದ ತಗದ ತಂಬಗಿ ಮ್ಯಾಲ ಹನಿ ಯಾಕ ಕೂಡ್ತಾವ? ತಂಬಗಿ ಸುತ್ತಲ ಗಾಳಿಕಿಂತಾ ತಣ್ಣಗ ಇರ್ತದ ಅದಕ್ಕ. ನಡ್ಯೂ ಕಾರ್ಡು ಖೋಲಿ ಗಾಳಿಕಿಂತಾ ಯಾವತ್ತೂ ಬಿಸಿನ. ಬಿಸಿ ಹಂಚಿನ ಮ್ಯಾಲ ಇಬ್ಬನಿ ಬೀಳ್ತದೇನ್ರಿ? ಹಂಗಾಗಿ ಆ ಅಂಜಿಕಿ ಬ್ಯಾಡ. ಬ್ಯಾರೆ ಅಂಜಿಕಿ ಅದ: ಕೂಲರಿನ ಜಾಳಿಯಿಂದ ಸಣ್ಣ ಸಣ್ಣ ಹನಿ ಸಿಡೀತಾವ, ಬೋರಿನ ನೀರ್ ಇದ್ರ ಅವು ಒಣಗಿದಲ್ಲಿ ಬಿಳಿ ಉಪ್ಪು ಉಳೀತದ. ಅದಕ್ಕ ಕೂಲರ್ ಸಿಸ್ಟಮ್ ಎದುರಿಗಿ ಇಡಬ್ಯಾಡ್ರಿ, ಖೋಲಿ ಕಿಡಕಿಯಾಗ ಹಚ್ಚಿ, ಎದುರಿನ ಕಿಡಕಿ ಒಂದ್ ಚೂರ್ ತೆರದ್ ಇಡ್ರಿ, ಗಾಳಿ ಹೊರಗ ಹೋಗ್ಲಿಕ್ಕೆ ದಾರಿ ಬೇಕಲ್ಲ. ನಾ ನಾಕ್ ಬ್ಯಾಸಗಿ ಹಂಗ ಕಳದೀನಿ.

ಕುಂದಾನಗರಿ_ರಿಪೇರಿ · ಬೆಳಗಾವಿ

ಹಂಚಿನ ಮಾತ್ ಒಪ್ಪಿದೆ. ಆದ್ರ ಸಿಸ್ಟಮ್ ಬಂದ್ ಇದ್ದಾಗ ಕೂಲರ್ ಚಾಲೂ ಬಿಟ್ಟು ಮಲಗಬ್ಯಾಡ್ರಿ, ಅಷ್ಟ ನಂದು.

ಮಗ್ಗದಮನಿ_ಹುಡುಗ · ಬನಹಟ್ಟಿ

ರಿಪೇರಿ ಕಾಕಾರ ನಿಮ್ ಬಾಯಾಗ ಸಕ್ರಿ ಹಾಕ್ಲಿ!! ಇವತ್ತ್ ಕವಚ ತಗದೆ. ಫ್ಯಾನ್ ಎತ್ತಿದ ಕೂಡ್ಲೇ ಫಿನ್ ಕಾಣವಲ್ಲವು, ಬೂದಿ ಬಣ್ಣದ ಒಂದ್ ಪದರ, ಮೊದಲ ನಾ ಇದು ಕಂಪನಿದಾವ್ರ ಹಚ್ಚಿದ ಫಿಲ್ಟರ್ ಇರಬೇಕು ಅಂದ್ಕೊಂಡೆ. ಉಗುರಿಲೆ ಒಂದ್ ಮೂಲಿ ಹಿಡದ್ ಎತ್ತಿದ್ರ ಕಂಬಳಿ ತುಂಡ್ ಎದ್ದಂಗ ಇಡೀ ಅಂಗೈ ಅಗಲದ್ದು ಒಮ್ಮೆಲೆ ಎದ್ ಬಂತು. ಕೆಳಗಿನ ಬದಿಗೆ ಫಿನ್ನಿನ ಗೆರಿ ಸೀರಿ ಅಂಚಿನ ಪಟ್ಟಿಯಂಗ ಮೂಡಿದ್ವು. ನಡುವ ಹಸರು ನೂಲಿನ ಎಳಿ ಸುತ್ತಿದ್ವು. ಅವ್ವಗ ತೋರಿಸಿದ್ರ ಆಕಿ ಬೆಳಕಿಗೆ ಹಿಡದ್ ನೋಡಿ, ಇದು ಸಂಕ್ರಮಣದಾಗ ಹಾಕಿದ್ದ ಹಸರ ಬೀಮಿಂದಲೇ (ಮಗ್ಗಕ್ಕ ಹಾಕೂ ನೂಲಿನ ಉರುಳಿ) ಅಂದ್ಳು. ಬೀಮ್ ಮುಗದು ಸೀರಿ ಮಾರಿ ಎರಡ್ ತಿಂಗಳಾತು, ಇದು ಇಲ್ಲೇ ಉಳದೈತಿ.

ಈಗ ಅದ ಗೇಮು, ಖೋಲಿ 38. ಕೋರ್ 76, ಹಾಟ್‌ಸ್ಪಾಟ್ 98. ಎಂಟ್ ಡಿಗ್ರಿ ಇಳೀತು, ಖರ್ಚು ಶೂನ್ಯ (ಬ್ಲೋವರ್ ಪಕ್ಕದ ಮೊಬೈಲ್ ಅಂಗಡಿಯಿಂದ ಕಡ ತಂದಿದ್ದೆ). ಖರೆ ಫರಕ್ 22 ಹಂಗೇ ಐತಿ. ವಾರಂಟಿ ಇಲ್ಲ, ಸ್ಟಿಕರ್ ಯಾರೋ ಮೊದಲ ಹರದಾರ.

ಕುಂದಾನಗರಿ_ರಿಪೇರಿ · ಬೆಳಗಾವಿ

ಸಕ್ರಿ ಬ್ಯಾಡ, ಕುಂದಾ ನಮ್ಮಲ್ಲೇ ಸಿಗ್ತೈತಿ.

ಫರಕ್ ಹಂಗೇ ಐತಿ ಅಂದ್ರ ಪೇಸ್ಟ್ ಮಾಡೂದ. ಕಾರ್ಡಿನ ಬೆನ್ನಿಗೆ ಚಿಪ್ಪಿನ ಸುತ್ತ ಸ್ಪ್ರಿಂಗ್ ಇರೂ ನಾಕ್ ಸ್ಕ್ರೂ ಇರ್ತಾವ, ಅವನ್ನ ಎದುರಾಬದರಾ ಸ್ವಲ್ಪ ಸ್ವಲ್ಪ ಸಡಲ ಮಾಡ್ರಿ, ಒಂದ ಕಡಿ ಪೂರಾ ತಗದು ಇನ್ನೊಂದ್ ಕಡಿ ಹೋಗಬ್ಯಾಡ್ರಿ. ಕೂಲರ್ ಏಳವಲ್ತಂದ್ರ ಜಗ್ಗಬ್ಯಾಡ್ರಿ, ಕಾರ್ಡ್ ಹತ್ತ್ ನಿಮಿಷ ಓಡಿಸಿ ಬಿಸಿ ಮಾಡಿ ಬಂದ್ ಮಾಡಿ ಆಮ್ಯಾಲ ಮೆಲ್ಲಕ ಹೊಳ್ಳಾಡ್ಸ್ರಿ, ತಾನ ಬಿಡ್ತೈತಿ. ಎತ್ತೂ ಮುಂದ ಫ್ಯಾನಿನ ವಯರ್ ಬೋರ್ಡಿಗೆ ಸಿಗಸಿರ್ತಾರ, ಅದರ ಜಾಕ್ ಕಿತ್ಕೊಂಡ್ ಬಂದ್ರ ನನ್ನ ಹತ್ರ ಬರಬೇಕಾಗ್ತೈತಿ.

ಹಳೇ ಪೇಸ್ಟ್ ತಗ್ಯಾಕ ಐಸೊಪ್ರೊಪೈಲ್ ಆಲ್ಕೊಹಾಲ್, ಅದ ಮೊಬೈಲ್ ಅಂಗಡ್ಯಾಗ ಐಪಿಎ ಅಂದ್ರ ಕೊಡ್ತಾರ. ಸ್ಪಿರಿಟ್ ಬ್ಯಾಡ, ಪೆಟ್ರೋಲ್ ಅಂತೂ ಬ್ಯಾಡ (ನಗಬ್ಯಾಡ್ರಿ, ತಂದಾರ). ಪ್ರೊಸೆಸರಿಗೆ ಹಾಕಿದಂಗ ನಡುವ ಒಂದ್ ಕಾಳು ಇಟ್ಟು ಒತ್ತಬ್ಯಾಡ್ರಿ, ಗ್ರಾಫಿಕ್ಸ್ ಕಾರ್ಡಿನ ಚಿಪ್ಪಿಗೆ ಮ್ಯಾಲ ಮುಚ್ಚಳ ಇರಂಗಿಲ್ಲ, ಒಂದ್ ಮೂಲಿಗೆ ಪೇಸ್ಟ್ ಮುಟ್ಟಲಿಲ್ಲಂದ್ರ ಹಾಟ್‌ಸ್ಪಾಟ್ ಅಲ್ಲೇ ಏಳ್ತೈತಿ. ದ್ವಾಸಿ ಹಿಟ್ಟ್ ಹರವಿದಂಗ ಪೂರಾ ತೆಳ್ಳಗ ಹರವ್ರಿ. ಆರ್ಕ್ಟಿಕ್ ಎಂಎಕ್ಸ್-4 ಸಾಕು. ರೊಕ್ಕ ಇದ್ರ ಪಿಟಿಎಂ 7950 ಅಂತ ಹಾಳಿ ಬರ್ತೈತಿ, ಕಾದಾಗ ಕರಗಿ ಕೂಡ್ತೈತಿ, ಪೇಸ್ಟಿನಂಗ ಅಂಚಿಗೆ ಸರ್ಯಾಂಗಿಲ್ಲ, ಆದ್ರ ನಕಲಿ ಭಾಳ ಬಂದಾವ.

ಪ್ಯಾಡಿನ ಮಾತ್ ಒಂದ್ ಛಲೋತ್ನ್ಯಾಗ ಕೇಳ್ರಿ. ಮೆಮೊರಿ ಚಿಪ್ಪಿನ ಮ್ಯಾಲಿರೂ ಆ ಮೆತ್ತನ ತುಂಡು ಹರೀಲಿಲ್ಲಂದ್ರ ಅಲ್ಲೇ ಬಿಡ್ರಿ. ಹರದ್ರ ಅದ ದಪ್ಪದ್ದ ಹಾಕಬೇಕು, 1 ಮಿಲಿಮೀಟರ್ ಇದ್ದಲ್ಲಿ 1.5 ಹಾಕಿದ್ರ ಕೂಲರ್ ಎತ್ತರಕ್ಕ ಕುಂತು ನಡುವಿನ ಚಿಪ್ಪಿಗೆ ಮುಟ್ಟಂಗಿಲ್ಲ, ಪೇಸ್ಟ್ ಬದಲಿ ಮಾಡಿದ ಮ್ಯಾಲ ಜಾಸ್ತಿ ಕಾಯಾಕತ್ತೈತಿ ಅಂತ ಬರಾವ್ರ ಕಾರ್ಡಿನಾಗ ನನಗ ಸಿಗೂದು ಹೆಚ್ಚಾಗಿ ಇದ. ಎಣ್ಣಿ ಜಿನಗಿದಂಗ ಕಂಡ್ರ ಅಂಜಬ್ಯಾಡ್ರಿ, ಪ್ಯಾಡಿನ ಸಿಲಿಕೋನ್ ಎಣ್ಣಿ ಅದು, ಒರಿಸಿದ್ರ ಆತು.

ಇಳಕಲ್_ಸೆರಗು · ಇಳಕಲ್

ನಾನೂ ಇದ ಕಾರ್ಡಿನ ಮ್ಯಾಲ ಮದವಿ ವಿಡಿಯೋ ಎಡಿಟಿಂಗ್ ಮಾಡ್ತೀನಿ, ಗೇಮ್ ಬರಂಗಿಲ್ಲ ನನಗ, ಅದಕ್ಕ ಸುಮ್ನ ಓದಾಕತ್ತಿದ್ದೆ. ಆದ್ರ ಯಾರೂ ಆ ಸ್ಕ್ರೀನ್ ಕರ‍್ರಗಾದದ್ದು ಕೇಳವಲ್ಲರಿ.

ತಮ್ಮಾ, ಕೆಳಗ ಮಗ್ಗ ಚಾಲೂ ಮಾಡೂ ಮುಂದ ಮ್ಯಾಲ ನಿನ್ನ ಲೈಟ್ ಒಮ್ಮಿ ಮಂದ ಆಗ್ತೈತೇನು? ನಮ್ಮನಿಯಾಗ ಹಂಗೇ ಆಗ್ತಿತ್ತು. ಮೋಟಾರ್ ಎದ್ದೇಳೂ ಮುಂದ ಒಮ್ಮೆಲೆ ಭಾಳ ಕರೆಂಟ್ ಎಳೀತೈತಿ, ಅದ ಫೇಸಿನ ಮ್ಯಾಲ ಸಿಸ್ಟಮ್ ಇದ್ರ ವೋಲ್ಟೇಜ್ ಕುಸೀತೈತಿ. ನನ್ನ ರೆಂಡರ್ ಮುಂಜಾನಿ 8ರ ಸುಮಾರ ಅಷ್ಟ ಬೀಳ್ತಿತ್ತು, ನಾ ಎರಡ್ ತಿಂಗಳ ಕಾರ್ಡಿಗೆ ಬೈದೆ, ಆಮ್ಯಾಲ ಗೊತ್ತಾತು ಅದು ಬಾಜೂಮನಿ ಮಗ್ಗ ಎದ್ದೇಳೂ ಹೊತ್ತು ಅಂತ. ಮಾವಾರಿಗೆ ಹೇಳಿ ನನ್ನ ಖೋಲಿ ಬ್ಯಾರೆ ಫೇಸಿಗೆ ಹಾಕ್ಸಿದೆ, ನಿಂತ್ ಹೋತು. ಯುಪಿಎಸ್ ಇದ್ರೂ ನೋಡಬೇಕು, ಅಗ್ಗದ ಯುಪಿಎಸ್ಸಿನ ಕರೆಂಟು ಶುದ್ಧ ಸೈನ್ ವೇವ್ ಇರಂಗಿಲ್ಲ, ಈಗಿನ ಕೆಲವು ಎಸ್‌ಎಂಪಿಎಸ್‌ಗೆ ಅದು ಒಗ್ಗಂಗಿಲ್ಲ, ಲೋಡ್ ಮ್ಯಾಲ ಟಪ್ ಅಂತ ಬಂದ್ ಆಗ್ತಾವ.

ಇನ್ನ ನಾ ಓವರ್‌ಕ್ಲಾಕ್ ಗೀವರ್‌ಕ್ಲಾಕ್ ಏನೂ ಮಾಡಂಗಿಲ್ಲ, ಆಫ್ಟರ್‌ಬರ್ನರ್‌ನ್ಯಾಗ ಪವರ್ ಲಿಮಿಟ್ 75 ಇಟ್ಟೀನಿ, ಅಷ್ಟ. 200 ವ್ಯಾಟಿನ ಕಾರ್ಡು 150ರಾಗ ನಡೀತೈತಿ. ರೆಂಡರ್ ಸ್ವಲ್ಪ ತಡಾ ಆಗ್ತೈತಿ, ಒಂದ್ ತಾಸಿನ ಮದವಿಗೆ ನಾಕೈದ್ ನಿಮಿಷ, ಅಷ್ಟೊತ್ತಿಗೆ ನಾ ಚಾ ಕುಡದಿರ್ತೀನಿ.

ಮಗ್ಗದಮನಿ_ಹುಡುಗ · ಬನಹಟ್ಟಿ

ಅಕ್ಕಾ ಹೌದ್ ನೋಡ್ರಿ!! ಲೈಟ್ ಮಂದ ಆಗೇ ಆಗ್ತೈತಿ, ನಾ ಹುಟ್ಟಿದಾಗಿಂದ ನೋಡಾಕತ್ತೇನಿ, ಅದಕ್ಕ ಅದರ ಕಡಿ ಲಕ್ಷ್ಯಾನ ಹೋಗಿಲ್ಲ. ಅವತ್ತ್ ಬಂದ್ ಆದಾಗ್ಲೂ ಕರೆಂಟ್ ಹೋಗಿ ಬಂದು ಅಪ್ಪ ನಾಕೂ ಮಗ್ಗ ಕೂಡೇ ಎಬ್ಬಸಿದ್ದ. ಆದ್ರ ಫ್ಯಾನ್ ಕೂಗಿದ್ದ್ಯಾಕ?

ಗುಮ್ಮಟ_ಗಾಳಿ · ವಿಜಯಪುರ

ಸ್ಕ್ರೀನ್ ಹೋಗಿ ಫ್ಯಾನ್ ಪೂರಾ ಕೂಗೂದಂದ್ರ ಕಾರ್ಡು ಡ್ರೈವರಿನ ಕೈಬಿಟ್ಟು ಹೋಗ್ಯದ ಅಂತ. ಸಾಕಾಗದ ಕರೆಂಟಿನಿಂದ ಆಗಬಹುದು, ಮಿತಿಮೀರಿದ ಓವರ್‌ಕ್ಲಾಕ್‌ನಿಂದಾನೂ ಆಗಬಹುದು, ನಿನ್ನ ಹತ್ರ ಎರಡೂ ಇದ್ದವು. ಕಾರ್ಡಿಗೆ ಎರಡ್ ಪವರ್ ಜಾಗ ಇದ್ರ ಎಸ್‌ಎಂಪಿಎಸ್‌ನಿಂದ ಎರಡ್ ಬ್ಯಾರೆ ಬ್ಯಾರೆ ಕೇಬಲ್ ಹಾಕು, ಒಂದ ಕೇಬಲಿಗೆ ಜೋತುಬಿದ್ದ ಎರಡನೇ ತುದಿ ಬ್ಯಾಡ. 650 ವ್ಯಾಟ್ ಸಾಕ ಸಾಕು, ಎನ್‌ವಿಡಿಯಾ ಈ ಕಾರ್ಡಿಗೆ ಹೇಳಿದ್ದು 600.

ಅಕ್ಕಾರ ಪವರ್ ಲಿಮಿಟ್ ಸರಳ ದಾರಿ, ನಾ ಅದಕ್ಕಿಂತ ಒಂದ್ ಹೆಜ್ಜಿ ಮುಂದಿಂದ್ ಹೇಳ್ತೀನಿ, ಅಂಡರ್‌ವೋಲ್ಟ್, ಅಂದ್ರ ಚಿಪ್ಪಿಗೆ ಕೊಡೂ ವೋಲ್ಟೇಜ್ ಕಡಿಮಿ ಮಾಡೂದು. ನಮ್ಮ ಬಿಸಲ ನಾಡಿಗೆ ಇದ ಖರೆ ಓವರ್‌ಕ್ಲಾಕ್ ಅಂತೀನಿ ನಾ. ಚಿಪ್ ಕುಡ್ಯೂ ವ್ಯಾಟು ಕ್ಲಾಕ್ ಏರಿದಷ್ಟ ಸೀದಾ ಏರ್ತದ, ವೋಲ್ಟೇಜ್ ಏರಿದ್ರ ವರ್ಗದ ಲೆಕ್ಕದಾಗ ಏರ್ತದ. 1.05 ವೋಲ್ಟಿನಿಂದ 0.9ಕ್ಕ ಇಳಿಸಿದ್ರ, ಅದ ಕ್ಲಾಕಿಗೆ ಕೋರಿನ ಭಾಗದ ಖರ್ಚು ನಾಕರಾಗ ಒಂದ್ ಪಾಲು ಕಡಿಮಿ. ಕಂಪನಿಯಂವ ಲಕ್ಷಗಟ್ಟಲೆ ಕಾರ್ಡ್ ಮಾರಬೇಕು, ಅದರಾಗಿನ ಅತೀ ಸುಮಾರ್ ಚಿಪ್ಪೂ ಬೀಳದಂಗ ಎಲ್ಲಾದಕ್ಕೂ ಹೆಚ್ಚಿಗಿ ವೋಲ್ಟೇಜ್ ಇಟ್ಟ ಕಳಸ್ತಾನ. ಆ ಹೆಚ್ಚಿಂದನ್ನ ನಾವು ವಾಪಸ್ ತಗೋಳೂದು, ಅಷ್ಟ.

ಆಫ್ಟರ್‌ಬರ್ನರ್‌ನ್ಯಾಗ ಕಂಟ್ರೋಲ್ ಮತ್ತ ಎಫ್ ಕೂಡೇ ಒತ್ತು, ಒಂದ್ ಗೆರಿ ಬರ್ತದ, ಅಡ್ಡಕ್ಕ ಮಿಲಿವೋಲ್ಟು ಉದ್ದಕ್ಕ ಮೆಗಾಹರ್ಟ್ಜ್. ಮೊದಲ ಕೋರ್ ಕ್ಲಾಕ್ ಮೈನಸ್ 200 ಕೊಟ್ಟು ಇಡೀ ಗೆರಿ ತಗ್ಗಸು. ಆಮ್ಯಾಲ 900 ಮಿಲಿವೋಲ್ಟಿನ ಮ್ಯಾಲಿರೂ ಚುಕ್ಕಿ ಹಿಡದು 1,800ಕ್ಕ ಎಳಿ, ಅಪ್ಲೈ ಒತ್ತು, ಅದರ ಬಲಕ್ಕಿನ ಎಲ್ಲಾ ಚುಕ್ಕಿ ಮಾಳಗಿಯಂಗ ಸಪಾಟ ಆಗ್ತಾವ. ಇನ್ನ ಕಾರ್ಡು 900ಕಿಂತ ಮ್ಯಾಲ ಹೋಗಂಗಿಲ್ಲ. ನಿಂದು ಕಾದು ಕಾದು 1,740ಕ್ಕ ಬಂದ್ ನಿಲ್ತಿತ್ತಲ್ಲ, ಇದು ತಣ್ಣಗ ಇದ್ದ 1,800 ಹೊಡೀತದ. ಅರ್ಧಾ ತಾಸ್ ಸೂಪರ್‌ಪೊಸಿಷನ್ ಅನ್ನೂ ಕಾರ್ಡ್ ಪರೀಕ್ಷಾ ಸಾಫ್ಟ್‌ವೇರ್ ಓಡ್ಸು, ಆಮ್ಯಾಲ ಎರಡ್ ತಾಸ್ ನಿನ್ನ ಗೇಮ್ ಆಡು, ಬೀಳಲಿಲ್ಲಂದ್ರ 15-15 ಮ್ಯಾಲ ತಗೊಂಡ್ ಹೋಗು, ಬಿತ್ತಂದ್ರ ಎರಡ್ ಹೆಜ್ಜಿ ಹಿಂದ ಬಾ. ಫರ್‌ಮಾರ್ಕ್ ತಾಸುಗಟ್ಟಲೆ ಓಡಸಬ್ಯಾಡ, ಅದು ಪರೀಕ್ಷಾ ಅಲ್ಲ ಶಿಕ್ಷಾ. ಪೂರಾ ನಂಬಿಕಿ ಬರೂತನಕಾ ವಿಂಡೋಸ್ ಜೋಡಿ ತಾನ ಚಾಲೂ ಆಗೂ ಗುರ್ತು ಹಚ್ಚಬ್ಯಾಡ, ಹಚ್ಚಿ ಬಿದ್ರ ಸೇಫ್ ಮೋಡಿನ್ಯಾಗ ಹೋಗಿ ಕಿತ್ತ ಹಾಕಬೇಕಾಗ್ತದ.

ಮತ್ತ ನಿನ್ನ ಮಾನಿಟರ್ ಎಷ್ಟ್ ಹರ್ಟ್ಜಿಂದು? ವ್ಯಾಲೊರಂಟ್‌ನ್ಯಾಗ 80 ಡಿಗ್ರಿ ಅಂದೆಲ್ಲ, ಅಲ್ಲಿ ನೀ 300 ಎಫ್‌ಪಿಎಸ್ ಬಿಟ್ಟಿರ್ತೀ, ಮಾನಿಟರ್ ತೋರ್ಸೂದು ಅದರಾಗ ಎಷ್ಟು?

ಮಗ್ಗದಮನಿ_ಹುಡುಗ · ಬನಹಟ್ಟಿ

75 ಹರ್ಟ್ಜ್ 🙈 ಎಫ್‌ಪಿಎಸ್ 280-320 ಬರ್ತಿತ್ತು, ಅದನ್ನ ಸ್ಕ್ರೀನ್‌ಶಾಟ್ ಹೊಡದು ದೋಸ್ತ್‌ಗೋಳಿಗೆ ಕಳಸ್ತಿದ್ದೆ.

ಗುಮ್ಮಟ_ಗಾಳಿ · ವಿಜಯಪುರ

ಅಂದ್ರ ನಾಕ್ ಭಕ್ರಿ ಬಡದು ಒಂದ ತಿಂದು ಮೂರು ಒಗದಂಗ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ್ಯಾಗ ಮ್ಯಾಕ್ಸ್ ಫ್ರೇಮ್ ರೇಟ್ ಅಂತದ, ಸಾದಾ ಗೇಮಿಗೆ 75 ಇಡು, ವ್ಯಾಲೊರಂಟಿಗೆ ಕೈ ಚುರುಕ್ ಬೇಕಂದ್ರ 150 ಇಟ್ಕೋ.

ಎಫ್‌ಪಿಎಸ್_ಫಕೀರ · ಬಾಗಲಕೋಟೆ, ನವನಗರ

ನಂದು 60 ಹರ್ಟ್ಜ್, ನಾ ಮಾತಾಡಂಗಿಲ್ಲ.

ಆದ್ರ ಗಾಜು ತಗದ್ ಇಡೂದ್ರಾಗ ಏನ್ ತಪ್ಪೈತಿ ಯಾರೂ ಹೇಳಲೇ ಇಲ್ಲ.

ಕುಂದಾನಗರಿ_ರಿಪೇರಿ · ಬೆಳಗಾವಿ

ನವನಗರದಾಗ ಇಟ್ಕೋರಿ, ಮಗ್ಗದ ಮನಿಯಾಗ ಇಟ್ರ ಆ ಕಂಬಳಿ ಎರಡ ತಿಂಗಳಿಗೆ ನೇದು ಕೈಗಿ ಬರ್ತೈತಿ. ಟೇಬಲ್ ಫ್ಯಾನು ಧೂಳನ್ನ ಒಳಗ ತಳ್ಳತೈತಿ ಮತ್ತ. ಅವ್ರು ಮಾಡ್ಬೇಕಾದ್ದಂದ್ರ ಮುಂದಿನ ಗಾಜು ಕಾಯಂ ತಗದು ಅಲ್ಲಿ ನೈಲಾನ್ ಸೊಳ್ಳೀಪರದಿ ಬಟ್ಟಿ ಒಂದ್ ಪದರ ಬಿಗದು ಕಟ್ಟೂದು, ಎರಡ್ ಫ್ಯಾನ್ ಒಳಗ ಎಳ್ಯೂಹಂಗ ಒಂದು ಹಿಂದಿಂದ ಹೊರಗ ಹಾಕೂಹಂಗ. ಬಟ್ಟಿ ವಾರಕ್ಕೊಮ್ಮಿ ಜಾಡ್ಸಿದ್ರ ಆತು. ನಾ ರಬಕವಿಯಂವ್ರ ಒಬ್ರಿಗೆ ಹಿಂಗ ಮಾಡಿ ಕೊಟ್ಟೇನಿ, ವರ್ಷ ಆತು ಸಿಸ್ಟಮ್ ಮತ್ತ ತಂದಿಲ್ಲ, ನನಗ ಲುಕ್ಸಾನ.

ಮಗ್ಗದಮನಿ_ಹುಡುಗ · ಬನಹಟ್ಟಿ

ನಾಕ್ ದಿನ ಬಿಟ್ಟು ಬರ‍್ಯಾಕತ್ತೇನಿ. ಪೇಸ್ಟ್ ನಾನ ಹಚ್ಚಿದೆ, ಕೈ ನಡಗತಿತ್ತು, ಎರಡ್ ತಾಸ್ ಹಿಡೀತು. ಹಳೇದು ಚಿಪ್ಪಿನ ನಡುವ ಇರಲೇ ಇಲ್ಲ, ಕನ್ನಡಿಯಂಗ ಹೊಳೀತಿತ್ತು, ಅಂಚಿಗೆಲ್ಲಾ ಒಣಗಿದ ಸುಣ್ಣದಂಗ ಕೂಡಿತ್ತು. ಪ್ಯಾಡ್ ಹರೀಲಿಲ್ಲ ಪುಣ್ಯಾ.

ಪೇಸ್ಟ್ ಆದ ಮ್ಯಾಲ ಖೋಲಿ 38ಕ್ಕ ಕೋರ್ 74, ಹಾಟ್‌ಸ್ಪಾಟ್ 87. ಫರಕ್ 13ಕ್ಕ ಬಂತು! ಆಮ್ಯಾಲ ಅಂಡರ್‌ವೋಲ್ಟ್, 900ಕ್ಕ 1,860 ಕೊಟ್ಟೆ ಬಿತ್ತು, 1,845 ಕೊಟ್ಟೆ ಒಂದ್ ತಾಸ್ ಆದ್ಮ್ಯಾಲ ಬಿತ್ತು, 1,815 ಇಟ್ಟೀನಿ ಮೂರ್ ದಿನ ಆತು ಏನೂ ಇಲ್ಲ. ಕಾರ್ಡ್ 200ರಿಂದ 155 ವ್ಯಾಟಿಗೆ ಬಂತು. ಮೆಮೊರಿ ಪ್ಲಸ್ 400 ಅಷ್ಟ ಇಟ್ಟೇನಿ, ಒಂದ್ ಚೂರ್ ಓವರ್‌ಕ್ಲಾಕ್ ಇರ್ಲಿ ಬಿಡ್ರಿ ಮನಸಿಗೆ ಸಮಾಧಾನ. ನಿನ್ನೆ ಮಧ್ಯಾಹ್ನ 3ಕ್ಕ ಖೋಲಿ 39, ಸೈಬರ್‌ಪಂಕ್ ಎರಡ್ ತಾಸು, ಕೋರ್ 67, ಹಾಟ್‌ಸ್ಪಾಟ್ 79. ಕ್ಲಾಕ್ 1,800 ಬಿಟ್ಟು ಕೆಳಗ ಇಳೀಲಿಲ್ಲ. ಅದ ವಿಡಿಯೋದಾಂವನ ಸೆಟ್ಟಿಂಗ್‌ಕಿಂತಾ ನನಗ ಎಫ್‌ಪಿಎಸ್ ಜಾಸ್ತಿ ಬರಾಕತ್ತೇತಿ, ಫ್ಯಾನ್ ಸಪ್ಪಳಾನೂ ಕೆಳಗಿನ ಮಗ್ಗದ ಸಪ್ಪಳದಾಗ ಕೇಳಂಗಿಲ್ಲ.

ಫೇಸ್ ಬದಲಿ ಮಾಡ್ಸೂದ್ ಇನ್ನೂ ಆಗಿಲ್ಲ, ವಯರಿಂಗ್ ಮಾಡಾಂವ ಇವತ್ತ್ ಬರ್ತೀನಿ ನಾಳೆ ಬರ್ತೀನಿ ಅನ್ನಾಕತ್ತಾನ. ಅಲ್ಲೀತನಕ ಅಪ್ಪಗ ಹೇಳೀನಿ, ಕರೆಂಟ್ ಹೋಗಿ ಬಂದ್ರ ಮಗ್ಗ ಒಂದೊಂದ ಎಬ್ಬಸು ಅಂತ. ಪ್ರೊಸೆಸರ್ 82 ಹೋಗ್ತೈತಿ, ಬಾಕ್ಸಿನ್ಯಾಗ ಬಂದ ಕೂಲರ್ರೇ ಐತಿ, ಅದಕ್ಕೇನ್ ಮಾಡ್ಲಿ?

ಗುಮ್ಮಟ_ಗಾಳಿ · ವಿಜಯಪುರ

5600ಕ್ಕ 90 ತನಕಾ ಮಿತಿ ಅದ, 82 ನಡೀತದ. ಬಯೋಸ್‌ನ್ಯಾಗ (ಮದರ್‌ಬೋರ್ಡಿನ ಸೆಟ್ಟಿಂಗ್) ಕರ್ವ್ ಆಪ್ಟಿಮೈಜರ್ ಇದ್ರ ಎಲ್ಲಾ ಕೋರಿಗೂ ನೆಗೆಟಿವ್ 15 ಕೊಟ್ ನೋಡು, ಅದೂ ಅಂಡರ್‌ವೋಲ್ಟ್‌ನ. ಆ ಕೂಲರಿನ ಫಿನ್ ನೋಡೀ ಏನು? ಅಲ್ಲೂ ಕಂಬಳಿ ಇರ್ಬೇಕು.

ಮಗ್ಗದಮನಿ_ಹುಡುಗ · ಬನಹಟ್ಟಿ

ಐತಿ ಅಣ್ಣಾ 😂 ಕೆಂಪಂದು. ತಗೀಬೇಕಂದ್ರ ಬ್ಲೋವರ್ ಇಲ್ಲ, ಹೊಸಾದ್ ಒಂದ್ ತರಸಿದ್ದೆ, ಅಪ್ಪ ಮೊನ್ನೆ ಮಗ್ಗದ ಮೋಟಾರಿಗೆ ಊದಿ ನೋಡ್ತೀನಿ ಅಂತ ಕೆಳಗ ಒಯ್ದಾಂವ ವಾಪಸ್ ಕೊಡವಲ್ಲ.